ಬರ್ತೇನೆ ಹಾಗಾದರೆ

ನಮ್ಮ ಕಡೆ ಯಾರೂ ಹೋಗುವುದಿಲ್ಲ, ಎಲ್ಲರೂ ಬರುತ್ತಾರೆ. ಮನೆಗೆ ಬಂದ ನೆಂಟರು ಚಾ ಕುಡಿದು, ಊರಿನ ಸಮಸ್ತರ ಸುದ್ದಿಯನ್ನೂ ಮಾತಾಡಿ ಮುಗಿಸಿ, ಚಪ್ಪಲಿ ಮೆಟ್ಟಿ ಬೆನ್ನು ತಿರುಗಿಸುವಾಗ ಹೇಳುವ ಮಾತು ‘ಬರ್ತೇನೆ’. ತುಳುವಿನಲ್ಲಾದರೆ ‘ಬರ್ಪೆ’. ಯಾರಾದರೂ ಬಾಯಿತಪ್ಪಿ ‘ಹೋಗ್ತೇನೆ’ ಎಂದರೆ ಹಿರಿಯರು ಗದರಿ, ‘ಬರ್ತೇನೆ’ ಎನ್ನಿಸಿಯೇ ಕಳುಹಿಸುತ್ತಾರೆ. ಸಾವಿನ ಮನೆಯಿಂದ ಹೊರಡುವಾಗ ಮಾತ್ರ ಈ ಮಾತು ನಿಷಿದ್ಧ. ಅಲ್ಲಿಂದ ಏನೂ ಹೇಳದೆ ಜಾರಿಕೊಳ್ಳಬೇಕು. ನಾನೊಮ್ಮೆ ಮರೆತು ಅಲ್ಲೂ ‘ಬರ್ತೇನೆ’ ಎಂದುಬಿಟ್ಟಾಗ, ಇವನು ಇನ್ನು ಯಾರ ಸರದಿಗೆ ಬರುತ್ತಾನೋ ಎಂದು ಆ ಮನೆಯ ಅಜ್ಜಂದಿರೆಲ್ಲ ನನ್ನನ್ನೇ ದಿಟ್ಟಿಸಿದ್ದುಂಟು. ಇಷ್ಟು ವರ್ಷ ಈ ಮಾತಿನ ಜೊತೆ ಬಾಳಿದವನಿಗೆ ಅದರ ಇನ್ನೊಂದು ಅರ್ಥವೂ ನೆನಪಿರಬೇಕಿತ್ತು. ‘ಬರ್ತೇನೆ’ ಎಂದರೆ ಕೆಲವೊಮ್ಮೆ, ಅಪರೂಪಕ್ಕೆ, ಬರುತ್ತೇನೆ ಎಂದೇ ಅರ್ಥ. ಅದು ನನ್ನ ತಲೆಗೆ ಹೋಗುವಷ್ಟರಲ್ಲಿ ನನ್ನ ಭಾನುವಾರಗಳೆಲ್ಲ ಖಾಲಿಯಾಗಿದ್ದವು.

ಮೊದಲು ನನ್ನ ಪರಿಚಯ ಹೇಳಿಬಿಡುತ್ತೇನೆ. ನಾನು ಮೆಲ್ಕಾರಿನಲ್ಲಿ ಕನ್ನಡಕದ ಅಂಗಡಿ ಇಟ್ಟವನು. ಗಿರಾಕಿಗಳು ನನ್ನನ್ನು ‘ಡಾಕ್ಟ್ರೇ’ ಎಂದು ಕರೆಯುತ್ತಾರೆ. ನಾನು ಡಾಕ್ಟರಲ್ಲ ಎಂದು ಶುರುವಿನಲ್ಲಿ ತಿದ್ದುತ್ತಿದ್ದೆ. ಆಮೇಲೆ ಅವರಿಗೂ ಬೇಸರ, ನನಗೂ ನಷ್ಟ ಎಂದು ಬಿಟ್ಟುಬಿಟ್ಟೆ. ಊರಿನವರ ಕಣ್ಣೆಲ್ಲ ನೋಡುವ ನನ್ನ ಕಣ್ಣಿನ ಸ್ಥಿತಿ ಹೇಗಿದೆ ಎಂದು ಯಾರಿಗೂ ಗೊತ್ತಿಲ್ಲ. ಗೋಡೆಗೆ ತೂಗುಹಾಕಿದ ಅಕ್ಷರಗಳ ಪಟ ನನಗೆ ಬಾಯಿಪಾಠ ಇರುವುದರಿಂದ ಅದು ನನಗೂ ಗೊತ್ತಿಲ್ಲ. ಇಂಥ ನನಗೆ ಹಕ್ಕಿ ನೋಡುವ ಹುಚ್ಚು ಹಿಡಿದದ್ದು ಲೆನ್ಸ್ ಮಾರುವವರೊಬ್ಬರು ಉಚಿತವಾಗಿ ಕೊಟ್ಟ ಬೈನಾಕ್ಯುಲರ್‌ನಿಂದ. ಭಾನುವಾರ ಅಂಗಡಿಗೆ ರಜೆ. ಬೆಳಗಾಗುವಾಗಲೇ ಸ್ಕೂಟರ್ ಹತ್ತಿ ಮೂಡಬಿದಿರೆಗೆ ಹೋಗುತ್ತಿದ್ದೆ. ಅಲ್ಲಿ ಕೆರೆಗಳಿಗೇನೂ ಬರವಿಲ್ಲ, ಕೆರೆಗೆ ಬರುವ ಹಕ್ಕಿಗಳಿಗೂ ಇಲ್ಲ. ಅದಕ್ಕಿಂತ ಹೆಚ್ಚಾಗಿ ಅಲ್ಲಿ ನೇಮಿರಾಜಣ್ಣ ಇರುತ್ತಿದ್ದರು.

ನೇಮಿರಾಜಣ್ಣನ ಮನೆ ಬೆಳುವಾಯಿಯಲ್ಲಿ. ಅಲ್ಲಿ ಒಳಗೆ, ಗದ್ದೆಗಳ ಆಚೆ ಇರುವ ಒಂದು ಸಣ್ಣ ಬಸದಿಯನ್ನು ನೋಡಿಕೊಳ್ಳುವುದು ಅವರ ಮನೆತನದ ಕೆಲಸ. ನನಗಿಂತ ಹತ್ತು ಹನ್ನೆರಡು ವರ್ಷ ಹಿರಿಯರು. ಬಿಳಿ ಅಂಗಿ, ಬಿಳಿ ಪಂಚೆ, ಮಳೆಗಾಲವಿರಲಿ ಬೇಸಗೆಯಿರಲಿ ಕೈಯಲ್ಲಿ ಒಂದು ಕೊಡೆ. ಮೊದಲ ಬಸ್ಸಿನಲ್ಲಿ ಮೂಡಬಿದಿರೆಗೆ ಬಂದು ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ನನಗಾಗಿ ಕಾಯುತ್ತಿದ್ದರು. ಇಬ್ಬರೂ ಬನ್ಸ್ ತಿಂದು ಕೆರೆಯ ಕಡೆ ನಡೆಯುವುದು ನಮ್ಮ ಪದ್ಧತಿ. ಅವರಿಗೆ ಒಂದು ಹಕ್ಕಿಯ ಹೆಸರೂ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ಉಮೇದೂ ಇರಲಿಲ್ಲ. ನಾನು ಬೈನಾಕ್ಯುಲರ್ ಇಳಿಸಿ, “ಅದು ಕಾಜಾಣ ನೇಮಿರಾಜಣ್ಣ” ಎಂದು ಗಂಭೀರವಾಗಿ ಹೇಳಿದರೆ, “ಹೌದಾ? ಈಗ ಅದು ಏನು ಮಾಡ್ತಾ ಉಂಟು?” ಎಂದು ಕೇಳುತ್ತಿದ್ದರು. ನಾನು ಮತ್ತೆ ನೋಡಬೇಕಾಗುತ್ತಿತ್ತು. ಹೆಸರು ಹೇಳಿದ ಮೇಲೆ ಹಕ್ಕಿಯನ್ನು ಮತ್ತೆ ಯಾಕೆ ನೋಡಬೇಕು ಎಂಬುದು ನನ್ನ ವಾದ. ಆದರೂ ನೋಡಿ ವರದಿ ಒಪ್ಪಿಸುತ್ತಿದ್ದೆ: “ಬಾಲ ಕುಣಿಸ್ತಾ ಉಂಟು.” “ಪಾಪ, ಕುಣಿಸಲಿ,” ಎಂದು ಅವರು ಸಮಾಧಾನಪಡುತ್ತಿದ್ದರು. ಹೀಗೆ ಎಷ್ಟೋ ವರ್ಷ ನಡೆಯಿತು. ವಾರವಿಡೀ ಕನ್ನಡಕ ಒರೆಸುವವನಿಗೆ ಆ ಒಂದು ಬೆಳಿಗ್ಗೆ ಸಾಕಾಗುತ್ತಿತ್ತು.

ನಮ್ಮಿಬ್ಬರದ್ದೂ ಒಂದು ದೊಡ್ಡ ಯೋಜನೆ ಇತ್ತು: ಬಡಗಿನ ಕಾಡಿಗೆ ಹೋಗುವುದು. ಬಡಗು ಎಂದರೆ ಬದರಿ, ಕೇದಾರ ಎಂದು ಗಾಬರಿಯಾಗಬೇಡಿ. ನಮಗೆ ಕಾರ್ಕಳ ದಾಟಿದರೆ ಬಡಗು ಶುರುವಾಗುತ್ತದೆ, ಕುಂದಾಪುರ ದಾಟಿದರೆ ಪರದೇಶ. ಅದರಾಚೆ, ಘಟ್ಟ ಹತ್ತಿ, ದಾಂಡೇಲಿಯ ಕಡೆಯ ಕಾಡಿನಲ್ಲಿ ಮಂಗಟ್ಟೆಗಳು ಹಿಂಡು ಹಿಂಡಾಗಿ ಹಾರುತ್ತವೆ ಎಂದು ನಾನು ಎಲ್ಲೋ ಓದಿದ್ದೆ. ಕೊಕ್ಕಿನ ಮೇಲೆ ಇನ್ನೊಂದು ಕೊಕ್ಕು ಹೊತ್ತ ಆ ಹಕ್ಕಿ ಹಾರುವಾಗ ರೆಕ್ಕೆಯ ಸದ್ದು ನೆಲದವರೆಗೂ ಕೇಳುತ್ತದಂತೆ. ಇದನ್ನು ಹೇಳಿದ ದಿನ ನೇಮಿರಾಜಣ್ಣ ಬನ್ಸ್ ತಿನ್ನುವುದನ್ನು ನಿಲ್ಲಿಸಿ, “ಒಮ್ಮೆ ಹೋಗುವ” ಎಂದಿದ್ದರು. ಆಮೇಲೆ ಪ್ರತಿ ಚಳಿಗಾಲದಲ್ಲೂ ಒಬ್ಬರು “ಈ ಸಲ ಹೋಗುವನಾ?” ಎಂದು ಕೇಳುವುದು, ಇನ್ನೊಬ್ಬರು “ಹೋಗುವ” ಎನ್ನುವುದು, ಅಷ್ಟರಲ್ಲಿ ಮಳೆಗಾಲ ಬರುವುದು. ನಮ್ಮಲ್ಲಿ ‘ಹೋಗುವ’ ಎನ್ನುವವರೂ ಹೋಗುವುದಿಲ್ಲ ಎಂಬುದನ್ನು ನೀವು ಗಮನಿಸಿರಬಹುದು.

ಇದಕ್ಕೆ ಮೋಕ್ಷ ಕಾಣಿಸಿದವನು ನನ್ನ ಹೆಂಡತಿ ಯಮುನಾಳ ತಮ್ಮ ಸಂತೋಷ. ಅವನು ಕುವೈಟಿನಲ್ಲಿರುವವನು. ರಜೆಯಲ್ಲಿ ಮಡಂತ್ಯಾರಿನ ಮನೆಗೆ ಬಂದಿದ್ದ. ಹೊಸ ಕಾರು ತೆಗೆದಿದ್ದ, ಅದನ್ನು ಓಡಿಸಲು ಒಂದು ಕಾರಣ ಬೇಕಾಗಿತ್ತು. “ಭಾವ, ನಿಮ್ಮ ಆ ಕಾಡಿಗೆ ಹೋಗುವ. ನನ್ನ ಹತ್ರ ಒಳ್ಳೆ ಕ್ಯಾಮೆರಾ ಉಂಟು” ಎಂದ. ನಾನು ಕುಣಿದಾಡಿದೆ. ಕುಣಿತ ನಿಂತ ಮೇಲೆ, ನನ್ನೊಟ್ಟಿಗೆ ಒಬ್ಬರು ಇದ್ದಾರೆ ಎಂದು ನೇಮಿರಾಜಣ್ಣನ ವಿಷಯ ಹೇಳಿದೆ. ಸಂತೋಷ ಅವರನ್ನು ನೋಡಿದವನೇ ಅಲ್ಲ. “ಕರ್ಕೊಂಡು ಹೋಗುವ, ಅದಕ್ಕೇನು? ಆದ್ರೆ ಅವರ ಊಟ?” ಎಂದ. ಅವನು ಕೇಳಿದ್ದರಲ್ಲಿ ತಪ್ಪಿಲ್ಲ. ನೇಮಿರಾಜಣ್ಣ ಸೂರ್ಯ ಮುಳುಗಿದ ಮೇಲೆ ಉಣ್ಣುವವರಲ್ಲ. ನೀರುಳ್ಳಿ, ಬೆಳ್ಳುಳ್ಳಿ, ಬಟಾಟೆ, ಮಣ್ಣಿನೊಳಗೆ ಬೆಳೆದದ್ದು ಯಾವುದೂ ಆಗದು. ಸಂತೋಷನೋ, ದಾರಿಯಲ್ಲಿ ಎಲ್ಲೆಲ್ಲಿ ಮೀನೂಟ ಚೆನ್ನಾಗಿದೆ ಎಂಬುದರ ಮೇಲೆಯೇ ಪ್ರಯಾಣದ ನಕ್ಷೆ ಹಾಕಿಕೊಂಡಿದ್ದ. ನನ್ನ ಬಾಯಲ್ಲೂ ಬಂಗುಡೆಯ ನೀರೂರಿತ್ತು, ಸುಳ್ಳು ಯಾಕೆ ಹೇಳಲಿ.

ಮುಂದಿನ ಭಾನುವಾರ ಮೂಡಬಿದಿರೆಯಲ್ಲಿ ನಾನು ನೇಮಿರಾಜಣ್ಣನನ್ನು ಕರೆದೆ. ಕರೆದದ್ದು ನಿಜ. ಆದರೆ ಕರೆಯುವುದರಲ್ಲಿಯೂ ಬಗೆಗಳಿವೆ. ಬಸ್ಸು ಹೊರಡಲು ನಿಂತಿದ್ದಾಗ, ಅವರ ಒಂದು ಕಾಲು ಮೆಟ್ಟಿಲ ಮೇಲಿರುವಾಗ ಕರೆಯುವುದು ಒಂದು ಬಗೆ. “ಬರುವ ಆದಿತ್ಯವಾರ ಬೆಳಿಗ್ಗೆ ಹೊರಡುವುದು ನೇಮಿರಾಜಣ್ಣ. ನಿಮ್ಮ ಬೆಳುವಾಯಿ ಮೇಲೆಯೇ ಹೋಗುವುದು. ನೀವು ಬರುವುದಾದ್ರೆ ಬರಬಹುದಿತ್ತು. ಆದ್ರೆ ನಿಮಗೆ ಬಸದಿಯ ಪೂಜೆ ಉಂಟು, ಊಟದ್ದು ಬೇರೆ ಕಷ್ಟ ಆಗ್ತದೋ ಏನೋ,” ಎಂದೆ. ಒಂದೇ ಉಸಿರಿನಲ್ಲಿ ಬಾಗಿಲು ತೆರೆದು, ಅದೇ ಉಸಿರಿನಲ್ಲಿ ಮುಚ್ಚಿದ ಹಾಗೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಕಂಡಕ್ಟರ್ ಸೀಟಿ ಊದಿದ. “ಆಯ್ತು, ಬರ್ತೇನೆ ಹಾಗಾದರೆ,” ಎಂದು ಕೊಡೆ ಎತ್ತಿ ತೋರಿಸಿ ಒಳಗೆ ಹೋದರು. ನಾನೂ ಕೈ ಬೀಸಿದೆ. ಪಾಪ, ಒಳ್ಳೆಯ ಮನುಷ್ಯ, ನನಗೆ ಮುಜುಗರವಾಗದಂತೆ ಬೀಳ್ಕೊಂಡರಲ್ಲ ಎಂದು ಸಮಾಧಾನದಿಂದ ಸ್ಕೂಟರ್ ಹತ್ತಿದೆ. ಒಂದು ಮಾತಿಗೆ ಎರಡು ಅರ್ಥ ಇರುವಾಗ ಮನುಷ್ಯ ತನಗೆ ಅನುಕೂಲವಾದದ್ದನ್ನೇ ಜೇಬಿಗೆ ಹಾಕಿಕೊಳ್ಳುತ್ತಾನೆ.

ಹೊರಡುವ ದಿನ ಸಂತೋಷ ಮಡಂತ್ಯಾರಿನಿಂದ ಕತ್ತಲಲ್ಲೇ ಬಂದು ಮನೆಯ ಮುಂದೆ ಹಾರ್ನ್ ಹೊಡೆದ. ಹಿಂದಿನ ಸೀಟು ಆಗಲೇ ತುಂಬಿತ್ತು: ಎರಡು ಗಲ್ಫಿನ ಕಂಬಳಿ, ಐಸ್ ಪೆಟ್ಟಿಗೆ, ಕ್ಯಾಮೆರಾದ ಮೂರು ಕಾಲಿನ ಸ್ಟ್ಯಾಂಡು, ಯಮುನಾ ಕಟ್ಟಿಕೊಟ್ಟ ಕೋರಿರೊಟ್ಟಿಯ ಬುತ್ತಿ. ನಾನು ಮುಂದೆ ಕೂತು ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡೆ. ಸಿದ್ಧಕಟ್ಟೆ ದಾಟುವವರೆಗೆ ಅದರ ಮುಚ್ಚಳ ತೆಗೆದಿಲ್ಲವೆಂದು ಗೊತ್ತಾಗದೆ, ಹೊರಗೆ ಇನ್ನೂ ಬೆಳಕಾಗಿಲ್ಲವಲ್ಲ ಎಂದುಕೊಳ್ಳುತ್ತಿದ್ದೆ. ಮೂಡಬಿದಿರೆ ಕಳೆದು ಬೆಳುವಾಯಿ ಮುಟ್ಟುವಾಗ ಒಳ್ಳೆಯ ಬಿಸಿಲು ಬಿದ್ದಿತ್ತು. ರಸ್ತೆಯ ಪಕ್ಕದ ಗದ್ದೆಯ ಮೇಲೆ ಹಾದುಹೋದ ಕರೆಂಟಿನ ತಂತಿಯಲ್ಲಿ ಕೂತಿತ್ತು ಒಂದು ನೀಲಕಂಠ. ನಮ್ಮ ಕಡೆ ಅದು ದಿನಾ ಕಾಣಸಿಗುವ ಹಕ್ಕಿಯಲ್ಲ. “ನಿಧಾನ, ನಿಧಾನ!” ಎಂದು ಕೂಗಿ ಕಿಟಕಿ ಇಳಿಸಿದೆ. ಸಂತೋಷ ನಿಧಾನ ಮಾಡಿದ. “ಭಾವ, ಅಲ್ಲಿ ಕಂಬದ ಹತ್ರ ಯಾರೋ ಕೈ ತೋರಿಸ್ತಾ ಇದ್ದಾರೆ, ಲಿಫ್ಟಿಗೆ ಕಾಣ್ತದೆ,” ಎಂದ. ನಾನು ಕ್ಯಾಮೆರಾದಿಂದ ಕಣ್ಣು ತೆಗೆಯದೆ, “ಹಿಂದೆ ಜಾಗ ಎಲ್ಲಿ ಉಂಟು ಮಾರಾಯ? ಈಗ ನಿಲ್ಲಿಸಿದ್ರೆ ಹಕ್ಕಿ ಹಾರ್ತದೆ,” ಎಂದು ಗುಂಡಿ ಒತ್ತಿದೆ. ಫೋಟೋ ಬಿತ್ತು, ಹಕ್ಕಿ ಹಾರಿತು, ಕಾರು ಓಡಿತು. ಕಾರ್ಕಳ ದಾಟಿದ ಮೇಲೆ ನೋಡಿದರೆ ಫೋನಿನಲ್ಲಿ ನೇಮಿರಾಜಣ್ಣನ ಒಂದು ಮಿಸ್ಡ್ ಕಾಲ್ ಇತ್ತು. ಶುಭಪ್ರಯಾಣ ಹೇಳಲು ಮಾಡಿರಬೇಕು, ಸಂಜೆ ಮಾತಾಡಿದರಾಯಿತು ಎಂದುಕೊಂಡೆ.

ಸಂಜೆಗೆ ನಾವು ಕಾಡಿನಲ್ಲಿದ್ದೆವು. ಅಲ್ಲಿ ಫೋನಿಗೆ ಜೀವವಿರಲಿಲ್ಲ. ಕಾಡಿನ ವಿಷಯ ಉದ್ದಕ್ಕೆ ಹೇಳಬಹುದಿತ್ತು, ಆದರೆ ಹೇಳಲು ಅಂಥದ್ದೇನೂ ನಡೆಯಲಿಲ್ಲ. ಮರ ಎಷ್ಟು ಎತ್ತರವೆಂದರೆ ಹಕ್ಕಿ ನೋಡಿ ನೋಡಿ ನನ್ನ ಕುತ್ತಿಗೆ ಮೇಲ್ಮುಖವಾಗಿಯೇ ನಿಂತು, ಊಟಕ್ಕೆ ಕೂತಾಗ ತಟ್ಟೆ ಕಾಣದಾಯಿತು. ಸಂತೋಷ ಪ್ರತಿ ಹಕ್ಕಿಗೂ, “ಇದು ನಮ್ಮ ಮಡಂತ್ಯಾರಲ್ಲೂ ಉಂಟಲ್ವಾ ಭಾವ?” ಎಂದು ಕೇಳುತ್ತಿದ್ದ. ಹೆಚ್ಚಿನ ಸಲ ಇತ್ತು ಎಂಬುದೇ ಬೇಸರದ ಸಂಗತಿ. ನಾನು ಯಾವುದಾದರೂ ಕೊಂಬೆಗೆ ಬೈನಾಕ್ಯುಲರ್ ಹಿಡಿದು, “ಅಗೋ, ಮರಕುಟಿಗ” ಎಂದರೆ ಅವನು, “ಓ” ಎನ್ನುತ್ತಿದ್ದ. ಅಲ್ಲಿಗೆ ಮುಗಿಯಿತು. ಈಗ ಅದು ಏನು ಮಾಡ್ತಾ ಉಂಟು ಎಂದು ಕೇಳುವವರಿರಲಿಲ್ಲ. ಕೊನೆಯ ದಿನ ನದಿಯ ದಂಡೆಯಲ್ಲಿ ನಿಂತಿದ್ದಾಗ ತಲೆಯ ಮೇಲೆ ದೊಡ್ಡದೊಂದು ಸದ್ದಾಯಿತು, ಯಾರೋ ಒಣಗಿದ ಕಂಬಳಿ ಕೊಡವಿದ ಹಾಗೆ. ಮಂಗಟ್ಟೆ. ನಾನು ಆಗ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಿದ್ದೆ. ವೃತ್ತಿಯ ಅಭ್ಯಾಸ. ಹಾಕಿಕೊಂಡು ನೋಡುವಾಗ ಆಕಾಶ ಮಾತ್ರ ಇತ್ತು. ಸಂತೋಷ, “ಅಬ್ಬ, ಎಂಥ ಕೊಕ್ಕು ಭಾವ!” ಎಂದ. ನಾನು ಸದ್ದು ಮಾತ್ರ ಕೇಳಿದ್ದೆ. ಊರಿಗೆ ವಾಪಸು ಬರುವಾಗ ಅವನು ಮೀನೂಟಕ್ಕೆ ನಿಲ್ಲಿಸಿದ ಕಡೆಯಲ್ಲೆಲ್ಲ ನನಗೆ ಅರ್ಧ ಹೊಟ್ಟೆ. ಈ ಸದ್ದನ್ನು ನೇಮಿರಾಜಣ್ಣನಿಗೆ ಹೇಗೆ ಹೇಳುವುದು ಎಂದೇ ಯೋಚಿಸುತ್ತಿದ್ದೆ.

ಹೇಳಲು ಅವರು ಸಿಗಬೇಕಲ್ಲ. ಮುಂದಿನ ಭಾನುವಾರ ಹೋಟೆಲಿನಲ್ಲಿ ಕಾದೆ, ಬರಲಿಲ್ಲ. ಫೋನ್ ಮಾಡಿದರೆ, “ಬಸದಿಯಲ್ಲಿ ಸ್ವಲ್ಪ ಕೆಲಸ ಉಂಟು ಮಾರಾಯ್ರೇ,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಆದರೆ ಮುಂದಕ್ಕೆ ಮಾತೂ ಇರಲಿಲ್ಲ. ಅದರ ಮುಂದಿನ ವಾರ ಮೊಣಕಾಲು ನೋವು. ಅದರ ಮುಂದಿನ ವಾರ ನೆಂಟರು. ಹೋಟೆಲಿನವರು ಅಭ್ಯಾಸಬಲದಿಂದ ಎರಡು ತಟ್ಟೆ ಬನ್ಸ್ ತಂದಿಟ್ಟಾಗ, ಎರಡನ್ನೂ ನಾನೇ ತಿಂದು ಕೆರೆಯ ಕಡೆ ಹೋಗದೆ ಮನೆಗೆ ಬಂದೆ. ಯಮುನಾ ನನ್ನ ಮುಖ ನೋಡಿ, “ನೀವು ಅವರನ್ನು ಸರಿಯಾಗಿ ಕರೆದಿದ್ರಾ?” ಎಂದಳು.

“ಕರೆದಿದ್ದೆ.”

“ಹೇಗೆ ಕರೆದಿದ್ರಿ?”

ಹೆಂಗಸರು ಇಂಥ ಪ್ರಶ್ನೆಯನ್ನು ಎಲ್ಲಿಂದ ಹುಡುಕಿ ತರುತ್ತಾರೋ. ನಾನು ಪೇಪರ್ ತೆಗೆದು ಮುಖಕ್ಕೆ ಅಡ್ಡ ಹಿಡಿದೆ. ತಲೆಕೆಳಗಾಗಿ ಹಿಡಿದಿದ್ದೆ ಎಂದು ಆಮೇಲೆ ಅವಳೇ ಹೇಳಿದಳು.

ಇಡೀ ಪ್ರಯಾಣದಲ್ಲಿ ನೆಟ್ಟಗೆ ಬಿದ್ದದ್ದು ಒಂದೇ ಫೋಟೋ, ಬೆಳುವಾಯಿಯ ನೀಲಕಂಠದ್ದು. ಅಷ್ಟು ದೂರದ ಕಾಡಿಗೆ ಹೋಗಿ ನಾನು ಸಂಪಾದಿಸಿದ ಹಕ್ಕಿ ನಮ್ಮ ತಾಲೂಕಿನ ಪಕ್ಕದ್ದು. ಆದರೂ ಅದನ್ನು ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ, ಅಂಗಡಿಯಲ್ಲಿ ಅಕ್ಷರದ ಪಟದ ಪಕ್ಕ ತೂಗುಹಾಕಿದೆ. ಸ್ಟುಡಿಯೋದವನು, ಕೆಳಗಿನ ಮೂಲೆಯಲ್ಲಿ ಏನೋ ಬಿಳಿಬಿಳಿ ಬಂದಿದೆ, ಕತ್ತರಿಸಲಾ ಎಂದು ಕೇಳಿದ್ದ. ಇರಲಿ, ಊರಿನ ವಾತಾವರಣ ಬರುತ್ತದೆ ಎಂದಿದ್ದೆ. ಗಿರಾಕಿಗಳಿಗೆ ಹೊಸ ಕನ್ನಡಕ ಹಾಕಿಸಿದ ಮೇಲೆ ಅಕ್ಷರ ಓದಿಸುವುದನ್ನು ಬಿಟ್ಟು, ಫೋಟೋ ತೋರಿಸಿ, “ಕೊಕ್ಕು ಕಾಣ್ತದಾ? ರೆಕ್ಕೆಯ ನೀಲಿ ಕಾಣ್ತದಾ?” ಎಂದು ಕೇಳತೊಡಗಿದೆ. ಅವರು ಚೆನ್ನಾಗಿದೆ ಎಂದಾಗ ಹೊಗಳಿಕೆ ಕನ್ನಡಕಕ್ಕೋ ಫೋಟೋಕ್ಕೋ ಎಂದು ವಿಚಾರಿಸದೆ ಎರಡನ್ನೂ ಸ್ವೀಕರಿಸುತ್ತಿದ್ದೆ.

ಒಂದು ಶನಿವಾರ ಮಧ್ಯಾಹ್ನ ನೇಮಿರಾಜಣ್ಣ ಅಂಗಡಿಗೆ ಬಂದರು. ಅವರ ಕನ್ನಡಕದ ಗಾಜು ಗೀರುಬಿದ್ದು ಮಸುಕಾಗಿತ್ತು. ಮೂಡಬಿದಿರೆಯಲ್ಲಿ ಬೇರೆ ಅಂಗಡಿಗಳಿದ್ದರೂ ಎರಡು ಬಸ್ ಹಿಡಿದು ಮೆಲ್ಕಾರಿಗೇ ಬಂದಿದ್ದರು. ನನಗೆ ಎಷ್ಟು ಖುಷಿಯಾಯಿತೆಂದರೆ, ಕುಶಲ ವಿಚಾರಿಸುವುದನ್ನು ಬಿಟ್ಟು ಮಂಗಟ್ಟೆಯ ರೆಕ್ಕೆಯ ಸದ್ದನ್ನು ಬಾಯಲ್ಲಿ ಮಾಡಿ ತೋರಿಸಿದೆ. ಅವರು ನಕ್ಕರು. ಗಾಜು ಕೂರಿಸಿ ನಾನೇ ಕನ್ನಡಕವನ್ನು ಅವರ ಕಿವಿಗೆ ಸಿಕ್ಕಿಸಿ, ಭುಜ ಹಿಡಿದು ಫೋಟೋದ ಕಡೆ ತಿರುಗಿಸಿದೆ.

“ಏನು ಕಾಣ್ತದೆ?”

“ಹಕ್ಕಿ.”

“ಯಾವ ಹಕ್ಕಿ?”

“ಹೆಸರು ನಿಮಗೆ ಗೊತ್ತು. ತಂತಿಯಲ್ಲಿ ಕೂತು ಕೆಳಗೆ ನೋಡ್ತಾ ಉಂಟು.”

ಅವರ ಹಳೆಯ ಪ್ರಶ್ನೆಯನ್ನು ಅವರಿಗೇ ಕೇಳುವ ಚೇಷ್ಟೆ ಹುಟ್ಟಿತು ನನಗೆ. “ಕೆಳಗೆ ಏನನ್ನು ನೋಡ್ತಾ ಉಂಟು ನೇಮಿರಾಜಣ್ಣ?” ಎಂದೆ.

ಅವರು ಸ್ವಲ್ಪ ಮುಂದೆ ಬಾಗಿ ನೋಡಿದರು. “ನನ್ನನ್ನು,” ಎಂದರು.

ನಾನೂ ಹತ್ತಿರ ಹೋಗಿ ನೋಡಿದೆ. ಕೆಳಗಿನ ಮೂಲೆಯ ಬಿಳಿಬಿಳಿ ಒಂದು ಅಂಗಿಯ ತೋಳಾಗಿತ್ತು. ತೋಳಿನ ತುದಿಗೆ ಕೈ, ಕೈಯಲ್ಲಿ ಮೇಲಕ್ಕೆತ್ತಿದ ಮಡಚಿದ ಕೊಡೆ. ಎಷ್ಟು ದಿನ ಎಷ್ಟು ಜನಕ್ಕೆ ಬೆರಳಿಟ್ಟು ತೋರಿಸಿದ ಫೋಟೋ ಅದು. ಈಗ ಆ ಕೊಡೆಯ ಹೊರತು ಬೇರೇನೂ ಕಾಣಿಸದಾಯಿತು. “ನೀವು... ಅಲ್ಲಿ ಯಾಕೆ...” ಎಂದು ತೊದಲಿದೆ.

“ಬರ್ತೇನೆ ಅಂತ ಹೇಳಿದ್ದೆನಲ್ಲ ಮಾರಾಯ್ರೇ,” ಎಂದರು ಅವರು. “ಪೂಜೆಗೆ ತಮ್ಮನಿಗೆ ಹೇಳಿದ್ದೆ. ನಿಮಗೆ ತೊಂದರೆ ಬೇಡ ಅಂತ ಅವಲಕ್ಕಿ, ಬಾಳೆಹಣ್ಣು ಕಟ್ಟಿಕೊಂಡಿದ್ದೆ. ಕಾರು ನಿಧಾನ ಆಯ್ತು ನೋಡಿ, ನಾನು ಚೀಲ ಎತ್ತಿಕೊಂಡೆ.” ಆಮೇಲೆ ಏನಾಯಿತೆಂದು ಅವರು ಹೇಳಲಿಲ್ಲ. ಆಮೇಲೆ ಏನಾಯಿತೆಂದು ನನಗೆ ಗೊತ್ತಿತ್ತಲ್ಲ. ಹಿಂದೆ ಜಾಗ ಎಲ್ಲಿ ಉಂಟು ಎಂದ ನನ್ನದೇ ಸ್ವರ ಕಿವಿಯಲ್ಲಿ ಕೇಳಿತು. ಕಂಬಳಿಯನ್ನು ಕಾಲ ಬುಡಕ್ಕೆ ಹಾಕಿ, ಐಸ್ ಪೆಟ್ಟಿಗೆಯನ್ನು ಡಿಕ್ಕಿಗೆ ಹಾಕಿದ್ದರೆ ಇಬ್ಬರು ಕೂರುವಷ್ಟು ಜಾಗವಿತ್ತು. ನನಗೆ ನಾಚಿಕೆಯಾಯಿತು, ದುಃಖವೂ ಆಯಿತು. “ಅದು ನೀವು ಹೋಗುವಾಗ ಹೇಳುವ ಬರ್ತೇನೆ ಅಂತ ನಾನು...” ಎಂದು ಏನೋ ಹೇಳಹೋಗಿ, ಅದು ಅರ್ಧ ನಿಜವೆಂದು ನನಗೇ ಗೊತ್ತಿದ್ದುದರಿಂದ ಅಲ್ಲಿಗೇ ಬಿಟ್ಟೆ. ಸ್ಟೂಲ್ ಎಳೆದು ಫೋಟೋ ಇಳಿಸಲು ಹತ್ತಿದೆ. ಅವರು ನನ್ನ ಅಂಗಿ ಹಿಡಿದು ನಿಲ್ಲಿಸಿದರು.

“ಇರಲಿ ಬಿಡಿ. ನನ್ನ ಫೋಟೋವನ್ನು ಇಷ್ಟು ದೊಡ್ಡದು ಮಾಡಿಸಿ ಯಾರೂ ಹಾಕಿರಲಿಲ್ಲ.”

ತಮಾಷೆಗೆ ಹೇಳಿದರೋ ಹೇಗೋ, ಹೊಸ ಗಾಜಿನ ಹೊಳಪಿನಲ್ಲಿ ಅವರ ಕಣ್ಣು ನನಗೆ ಸರಿಯಾಗಿ ಕಾಣಿಸಲಿಲ್ಲ. ನಾಳೆ ಭಾನುವಾರ, ಮೂಡಬಿದಿರೆಗೆ ಬರುವುದು ಬೇಡ, ನಾನೇ ಬೆಳುವಾಯಿಗೆ, ಆ ಕಂಬದ ಹತ್ತಿರವೇ ಬರುತ್ತೇನೆ, ಅಲ್ಲಿಂದ ಗದ್ದೆಯ ಕಡೆ ನಡೆಯುವ ಎಂದೆ. ಈ ಸಲ ಪೂಜೆಯ ವಿಷಯ, ಊಟದ ವಿಷಯ ಯಾವುದನ್ನೂ ಎತ್ತಲಿಲ್ಲ. ಅವರು ಕೊಡೆ ತೆಗೆದುಕೊಂಡು ಅಂಗಡಿಯ ಮೆಟ್ಟಿಲು ಇಳಿದರು. ರಸ್ತೆ ದಾಟುವ ಮೊದಲು ತಿರುಗಿ ನೋಡಿ, “ಆಯ್ತು, ಬರ್ತೇನೆ ಹಾಗಾದರೆ,” ಎಂದರು. ಅದು ಯಾವ ‘ಬರ್ತೇನೆ’ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಬೆಳುವಾಯಿಯ ಆ ಕಂಬದ ಬುಡದಲ್ಲಿ ನಿಂತೆ. ತಂತಿಯ ಮೇಲೆ ಏನೂ ಇರಲಿಲ್ಲ. ಬೈನಾಕ್ಯುಲರ್ ಕೊರಳಲ್ಲಿ ಸುಮ್ಮನೆ ತೂಗುತ್ತಿತ್ತು. ನಾನು ರಸ್ತೆಯನ್ನೇ ನೋಡುತ್ತಿದ್ದೆ. ಕಾರುಗಳು ಹೋದವು. ಕೆಲವು ತಿರುವಿನಲ್ಲಿ ನಿಧಾನವಾದಾಗ ಒಳಗಿದ್ದವರ ಮುಖ ನನ್ನ ಕಡೆ ತಿರುಗಿ, ಮತ್ತೆ ಅವರವರ ದಾರಿಗೆ ತಿರುಗುತ್ತಿತ್ತು. ಒಂದು ನಿಧಾನವಾದ ಕಾರು ಹಾದುಹೋಗುವುದನ್ನು ನಿಂತು ನೋಡುವುದು ಎಷ್ಟು ಉದ್ದದ ಕೆಲಸ ಎಂದು ಅಲ್ಲಿ ನಿಂತವರಿಗೇ ಗೊತ್ತು. ಬಿಸಿಲು ಏರಿತು. ಕೊಡೆ ತರಬೇಕಿತ್ತು ಎಂದುಕೊಂಡೆ. ಅಷ್ಟರಲ್ಲಿ ಸ್ಕೂಟರಿನಲ್ಲಿ ಹೋಗುತ್ತಿದ್ದ ನನ್ನ ಗಿರಾಕಿಯೊಬ್ಬರು ನನ್ನನ್ನು ಕಂಡು ನಿಲ್ಲಿಸಿದರು.

“ಏನು ಡಾಕ್ಟ್ರೇ, ಇಲ್ಲಿ? ಹಕ್ಕಿಗಾ?”

“ಹೌದು, ಹಕ್ಕಿಗೆ,” ಎಂದೆ.

“ಬಂತಾ?”

“ಇನ್ನೂ ಇಲ್ಲ. ಬರ್ತೇನೆ ಅಂತ ಹೇಳಿದ್ದಾರೆ.”

ಹಕ್ಕಿಗೆ ಬಹುವಚನ ಕೊಟ್ಟದ್ದನ್ನು ಕೇಳಿ ಅವರು ಒಮ್ಮೆ ಖಾಲಿ ತಂತಿಯನ್ನೂ ಒಮ್ಮೆ ನನ್ನ ಕನ್ನಡಕವನ್ನೂ ನೋಡಿದರು. ಮತ್ತೇನೂ ಕೇಳದೆ, “ಆಯ್ತು, ಬರ್ತೇನೆ” ಎಂದು ಹೇಳಿ ಹೋದರು.